ಇಪ್ಪತ್ತೈದನೇ ಬಾಗಿಲ ಮುಂದೆ ನಿಂತವರು

ಕಳೆದ ವಾರ ಮೊಳಕಾಲ್ಮೂರಿನಲ್ಲಿ ನಮ್ಮ ಕಚೇರಿಯ ಎದುರಿಗೆ ಹೊಸದಾಗಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಒಂದು ರಿವೈಂಡಿಂಗ್ ಅಂಗಡಿ ಶುರುವಾಯಿತು. ಮೂರನೇ ದಿನವೋ ನಾಲ್ಕನೇ ದಿನವೋ ಅಲ್ಲಿಂದ ವಾರ್ನಿಶ್ ವಾಸನೆ ಬಂತು. ಚೆನ್ನಾಗಿ ಒಣಗಿದ ವಾರ್ನಿಶ್ಶಿಗೆ ಅಂಥ ವಾಸನೆ ಇರುವುದಿಲ್ಲ. ಇದು ಅರೆಬರೆ ಒಣಗಿದ್ದು, ಸ್ವಲ್ಪ ಸಿಹಿ, ಗಂಟಲಿಗೆ ಹತ್ತಿ ಹಿಡಿಯುವಂಥದ್ದು. ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಹೋಗಿ, ಆ ಅಂಗಡಿಯವನಿಗೆ, 'ಇನ್ನೊಂದು ದಿನ ಬಲ್ಬಿನ ಶಾಖಕ್ಕೆ ಇಡಪ್ಪಾ, ಒಣಗಿಲ್ಲ' ಎಂದು ಹೇಳಿ ಬಂದೆ. ಇಂಟರ್ನೆಟ್ ಕಚೇರಿಯವನಿಗೆ ಮೋಟಾರಿನ ಉಸಾಬರಿ ಯಾಕೆ ಎಂಬಂತೆ ಅವನು ನನ್ನನ್ನು ನೋಡಿದ. ನಾನು ಹೇಳಿದ್ದು ಅವನಿಗಲ್ಲ ಎಂದು ಅವನಿಗೆ ಹೇಗೆ ಗೊತ್ತಾಗಬೇಕು...

ಆ ವಾಸನೆ ಹಿಡಿಯುವುದನ್ನು ನನಗೆ ಕಲಿಸಿದವರು ಚಳ್ಳಕೆರೆಯ ಚಾಚಾ. ಬೀದಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ನನಗೆ ಆಗ ಚಳ್ಳಕೆರೆಯಲ್ಲಿ ಹೊಸ ಕೆಲಸ. ಮನೆಮನೆಗೆ ಇಂಟರ್ನೆಟ್ ಲೈನ್ ಕೊಡುವ ಸಣ್ಣ ಕಂಪನಿ ನಮ್ಮದು, ಕಚೇರಿ ಮಹಡಿಯ ಮೇಲೆ. ಕೆಳಗೆ ಚಾಚಾನ ರಿವೈಂಡಿಂಗ್ ಅಂಗಡಿ, ಅಂಗಡಿಯ ಬೆನ್ನಿಗೇ ಅವರ ಮನೆ. ಊರಿನ ಶೇಂಗಾ ಎಣ್ಣೆ ಮಿಲ್ಲುಗಳಲ್ಲಿ ಮೋಟಾರ್ ಸುಟ್ಟರೆ ಅದು ಅವರ ಬಾಗಿಲಿಗೇ ಬರುತ್ತಿತ್ತು. ಅವರು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇರಿಂಗ್ ಸವೆದಿದೆಯೋ, ಒಳಗೆ ಏನಾದರೂ ಉಜ್ಜುತ್ತಿದೆಯೋ ಎಲ್ಲವನ್ನೂ ಹಾಗೇ ಹೇಳುವರು. ಊರಿನ ಮೆಕ್ಯಾನಿಕ್ಕುಗಳೆಲ್ಲ ಮಾಡುವುದೇ ಅದು. ಆದರೆ ಚಾಚಾ ಕೇಳುವಾಗ ಬೀದಿಯಲ್ಲಿ ಹೋಗುವ ಆಟೋದವರೂ ಹಾರ್ನ್ ಹೊಡೆಯುತ್ತಿರಲಿಲ್ಲ.

ಅವರ ಮನೆಯ ಒಳಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಹಗಲೂ ರಾತ್ರಿ ಓಡುತ್ತಿತ್ತು. ಅದು ಅವರ ತಮ್ಮ ಕಟ್ಟಿದ್ದು. ತಮ್ಮ ಎಂದರೆ ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಮಗನಂತೆ ಸಾಕಿದ್ದು. ಚಾಚಾ ಅವನನ್ನು 'ಛೋಟಾ' ಎನ್ನುತ್ತಿದ್ದರು. ತಂತಿ ಸುತ್ತುವುದರಲ್ಲಿ ಅವನ ಕೈ ಗಟ್ಟಿ, ಮಿಕ್ಕ ಹೊತ್ತಿನಲ್ಲಿ ಕಂಪ್ಯೂಟರಿನ ಹುಚ್ಚು. ನಮ್ಮ ಕಂಪನಿಯಿಂದ ಮನೆಗೆ ಇಂಟರ್ನೆಟ್ಟಿನ ಒಂದು ಖಾಯಂ ನಂಬರು ತೆಗೆದುಕೊಂಡು ಸ್ವಂತ ಇಮೇಲ್ ಸರ್ವರ್ ಇಟ್ಟಿದ್ದ. ಎಂದರೆ ಅವರ ಅಂಚೆ ಅವರ ಮನೆಯಲ್ಲೇ ಬಂದು ಇಳಿಯುತ್ತಿತ್ತು, ಯಾವ ದೊಡ್ಡ ಕಂಪನಿಯ ಹಂಗೂ ಇರಲಿಲ್ಲ.

ಆ ಅಂಚೆಯಿಂದ ಅಣ್ಣತಮ್ಮಂದಿರ ನಡುವೆ ಒಂದು ವಿಚಿತ್ರ ರೂಢಿ ಬೆಳೆದಿತ್ತು. ಜಗಳವಾದರೆ ಛೋಟಾ ಬಾಯಿ ಬಿಡುತ್ತಿರಲಿಲ್ಲ. ಒಳಗೆ ಕೂತು ಅಣ್ಣನಿಗೆ ಇಮೇಲ್ ಬರೆಯುತ್ತಿದ್ದ. ಕಾಗದ ಈ ಕೋಣೆಯಿಂದ ಆ ಕೋಣೆಗೆ, ಅದೇ ಪೆಟ್ಟಿಗೆಯ ಮೂಲಕ ಹೋಗುವುದು. ಚಾಚಾ ಓದಿ, ಎದ್ದು ಹೋಗಿ ಅವನ ಮುಂದೆ ಒಂದು ಲೋಟ ಚಹಾ ಇಡುವರು. ಅಲ್ಲಿಗೆ ಜಗಳ ಮುಗಿಯಿತು. ಚಾಚಾನ ಹೆಂಡತಿ, ನಮಗೆಲ್ಲ ಚಾಚೀ, ಇದನ್ನು ಹೇಳಿಕೊಂಡು ನಗುತ್ತಿದ್ದರು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಛೋಟಾ ಮನೆ ಬಿಟ್ಟು ಹೋಗಿ ಒಂದು ವರ್ಷವಾಗಿತ್ತು.

ಆದದ್ದು ಇಷ್ಟು. ಒಂದು ಎಣ್ಣೆ ಮಿಲ್ಲಿನ ದೊಡ್ಡ ಮೋಟಾರನ್ನು ಛೋಟಾ ಸುತ್ತಿದ್ದ. ಸುತ್ತಿದ ಮೇಲೆ ವಾರ್ನಿಶ್ಶಿನಲ್ಲಿ ಅದ್ದಿ, ಒಳಗೆ ಬಲ್ಬುಗಳನ್ನು ಇಳಿಬಿಟ್ಟು ಒಣಗಿಸುವುದು ಚಾಚಾನ ಕೆಲಸ. ಮಿಲ್ಲಿನವರು ಅವಸರ ಮಾಡಿದರು, ಚಾಚಾ ಕೊಟ್ಟು ಕಳಿಸಿದರು. ಎರಡನೇ ದಿನಕ್ಕೇ ಮೋಟಾರ್ ಸುಟ್ಟು ವಾಪಸ್ ಬಂತು. ಮಿಲ್ಲಿನವರೆಲ್ಲ ಅಂಗಡಿ ಮುಂದೆ ನಿಂತಿದ್ದಾಗ ಚಾಚಾ ತಮ್ಮನ ಕಡೆ ಕೈ ತೋರಿಸಿ, 'ಇವನೇ ಎಣಿಕೆ ತಪ್ಪಿಸವ್ನೆ, ಸುತ್ತು ಲೆಕ್ಕ ಹಾಕಾಕೂ ಬರಲ್ಲ' ಎಂದುಬಿಟ್ಟರು. ಛೋಟಾ ಅವತ್ತು ಒಳಗೆ ಕೂತು ಇಮೇಲೂ ಬರೆಯಲಿಲ್ಲ. ಕೈ ತೊಳೆದುಕೊಂಡು ಬಳ್ಳಾರಿ ಬಸ್ಸು ಹತ್ತಿದ. ಅವನ ಫೋನು ಆವತ್ತಿನಿಂದ ಬಂದ್.

ತಿಂಗಳು ಕಳೆದ ಮೇಲೆ ಚಾಚಾ ಆ ಸುಟ್ಟ ಮೋಟಾರನ್ನು ಬಿಚ್ಚಿ, ಒಂದೊಂದೇ ಸುರುಳಿ ಕತ್ತರಿಸಿ ಎಣಿಸಿದರು. ನಲವತ್ತೆರಡು ಸುತ್ತು ಇರಬೇಕಾದಲ್ಲಿ ನಲವತ್ತೆರಡೇ ಇತ್ತು. ಪ್ರತಿಯೊಂದರಲ್ಲೂ. ಕೆಟ್ಟದ್ದು ವಾರ್ನಿಶ್ ಒಣಗದೆ.

ಇದನ್ನು ಅವರು ನನಗೆ ಎಷ್ಟು ಸಲ ಹೇಳಿದರೋ. 'ಎಣಿಕೆ ಸರಿ ಇತ್ತು ಬೇಟಾ. ಅವನಿಗೆ ಇದೊಂದು ಮಾತು ಮುಟ್ಟಬೇಕು. ಆಮೇಲೆ ಬರ್ತಾನೋ ಬಿಡ್ತಾನೋ, ಅವನಿಷ್ಟ.' ಫೋನ್ ಮಾಡಿಯಾನು ಎಂದು ನಾನೆಂದರೆ ತಲೆಯಾಡಿಸುವರು. 'ಸಿಟ್ಟಿನಾಗೆ ಅವನು ಬಾಯಾಗೆ ಮಾತಾಡಲ್ಲ. ಬರೀತಾನೆ. ಬರದ್ರೆ ಈ ಪೆಟ್ಟಿಗೇಗೇ ಬರೀತಾನೆ.'

ಹೀಗಾಗಿ ಕಂಪ್ಯೂಟರ್ ಎಂದರೆ ಅಲಿಫ್ ಬೇ ಅಕ್ಷರವೂ ಗೊತ್ತಿಲ್ಲದ ಮನುಷ್ಯ ಆ ಸರ್ವರನ್ನು ಮೋಟಾರಿನಂತೆ ಸಾಕತೊಡಗಿದರು. ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಬ್ಲೋವರ್ ಹಿಡಿದು ಧೂಳು ಊದುವರು. ಫ್ಯಾನಿನ ಬೇರಿಂಗಿಗೆ ಒಂದು ಹನಿ ಎಣ್ಣೆ. ಆಮೇಲೆ ಸ್ಕ್ರೂಡ್ರೈವರ್ ಕಿವಿಗೆ. ಕಾಗದ ಬಂದರೆ ಒಳಗಿನ ಡಿಸ್ಕು ಕರ್ ಎಂದು ಒಮ್ಮೆ ತಿರುಗಿ ಸುಮ್ಮನಾಗುತ್ತದೆ ಎಂಬುದನ್ನು ಅವರೇ ಕಂಡುಕೊಂಡಿದ್ದರು. ನಾನು ಮೇಲಿನಿಂದ ಪರೀಕ್ಷೆಗೆಂದು ಇಮೇಲ್ ಕಳಿಸಿ ನೋಡಿದೆ. ಪರದೆ ನೋಡದೆಯೇ ಹೇಳಿದರು, 'ಬಂತು ನೋಡು.' ಸರಿಯಾಗಿತ್ತು. ಇದರಲ್ಲಿ ಮಾಟಮಂತ್ರ ಏನೂ ಇಲ್ಲ, ಡಿಸ್ಕು ಸದ್ದು ಮಾಡುವುದು ನಿಜ. ನನಗೂ ಅಲ್ಲಿಯವರೆಗೆ ಅರ್ಥವಾಗುತ್ತಿತ್ತು.

ಅಷ್ಟರಲ್ಲಿ ನಮ್ಮ ಕಂಪನಿಗೆ ಒಂದು ಪೀಕಲಾಟ ಶುರುವಾಯಿತು. ಯಾರದೋ ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕು, ಅದು ಲೋಕಕ್ಕೆಲ್ಲ ಕಸದ ಇಮೇಲ್ ಕಳಿಸತೊಡಗಿತು. ಹೊರಗಿನವರು ಸಿಟ್ಟಾಗಿ ನಮ್ಮ ನಂಬರುಗಳನ್ನೆಲ್ಲ ಕಪ್ಪುಪಟ್ಟಿಗೆ ಸೇರಿಸಿದರು. ಮಂಡಿ ವರ್ತಕರ ಇಮೇಲುಗಳೂ ತಿರುಗಿ ಬರತೊಡಗಿದವು. ನಮಗೆ ಲೈನು ಕೊಡುವ ಮೇಲಿನ ಕಂಪನಿಯಿಂದ ಕಟ್ಟುನಿಟ್ಟಿನ ಆದೇಶ ಬಂತು. ಮನೆಯ ಸಂಪರ್ಕಗಳಲ್ಲಿ ಯಾರೂ ಸರ್ವರ್ ಇಡುವಂತಿಲ್ಲ. ಒಂದೊಂದು ಲೈನಿಗೂ ನಂಬರಿನ ಬಾಗಿಲುಗಳಿರುತ್ತವೆ, ಅದಕ್ಕೆ ಪೋರ್ಟ್ ಎನ್ನುತ್ತೇವೆ. ಒಂದು ಸರ್ವರಿನಿಂದ ಇನ್ನೊಂದಕ್ಕೆ ಅಂಚೆ ದಾಟುವುದು ಇಪ್ಪತ್ತೈದನೇ ಬಾಗಿಲಿನಿಂದ. ಒಳಬರುವುದಕ್ಕೂ ಹೊರಹೋಗುವುದಕ್ಕೂ ಅದನ್ನು ಮುಚ್ಚಬೇಕಿತ್ತು.

'ಲೇ, ಮನೆ ಲೈನಿಂದೆಲ್ಲ ಇಪ್ಪತ್ತೈದು ಬಂದ್ ಮಾಡಲೇ, ಒಂದೂ ಬಿಡಬ್ಯಾಡ' ಎಂದರು ನಮ್ಮ ಕಚೇರಿಯ ಯಜಮಾನರು. ಮುಚ್ಚಿದವನು ನಾನು. ಚಾಚಾನ ಲೈನನ್ನೂ ಮುಚ್ಚಿದೆ. ಅದಕ್ಕೆ ಹಿಡಿದದ್ದು ಅರ್ಧ ನಿಮಿಷ.

ಕೆಳಗೆ ಹೋಗಿ ಹೇಳಿದೆ. ದೊಡ್ಡ ಕಂಪನಿಯ ಪುಕ್ಕಟೆ ಇಮೇಲ್ ಮಾಡಿಕೊಡುತ್ತೇನೆ, ಚೆನ್ನಾಗಿರುತ್ತದೆ ಎಂದೆ. ಚಾಚಾ ಕೇಳಿದರು, 'ಆ ಅಡ್ರೆಸ್ಸು ಅವನಿಗೆ ಗೊತ್ತೈತಾ?' ಆ ಬಾಗಿಲು ತೆರೆದಿಡಲು ಅರ್ಜಿ ಬರೆಸಿಕೊಂಡು ಮೇಲಿನ ಕಂಪನಿಗೆ ಕಳಿಸಿದೆ. ಗೃಹ ಸಂಪರ್ಕಕ್ಕೆ ಈ ಸೌಲಭ್ಯ ಅನ್ವಯಿಸುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು. ಹಾಗಾದರೆ ಪೆಟ್ಟಿಗೆಯನ್ನು ಅಂಗಡಿಗೆ ತಂದಿಟ್ಟು ವ್ಯಾಪಾರದ ಸಂಪರ್ಕಕ್ಕೆ ಅರ್ಜಿ ಹಾಕೋಣ ಎಂದೆ. ಅದನ್ನು ಅಲ್ಲಾಡಿಸಬಾರದು ಎಂದು ತಮ್ಮ ಹೇಳಿದ್ದನಂತೆ. ಮುದುಕರ ಹಟ ಎಂದು ಮನಸ್ಸಿನಲ್ಲೇ ಬೈದುಕೊಂಡು ಮಹಡಿ ಹತ್ತಿದೆ. ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಬಾಗಿಲು ಮುಚ್ಚಿ ಎರಡು ತಿಂಗಳಾಗಿರಬೇಕು. ಒಂದು ಮಂಗಳವಾರ ಬೆಳಗ್ಗೆ ಚಾಚಾ ಮಹಡಿಗೆ ಬಂದರು. ಕಂಕುಳಲ್ಲಿ ಅವರ ಮೋಟಾರ್ ಪುಸ್ತಕ. ಯಾವ ಮೋಟಾರಿಗೆ ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ, ಸುಟ್ಟದ್ದು ಯಾತಕ್ಕೆ, ಯಾರ ತಪ್ಪು ಎಂದು ಸಾಲುಸಾಲಾಗಿ ಬರೆದಿಡುವ ಪುಸ್ತಕ ಅದು.

'ನಿನ್ನೆಯಿಂದ ಯಾರೋ ಬಂದು ನಿಂತವ್ರೆ ಬೇಟಾ' ಎಂದರು.

'ಎಲ್ಲಿ ಚಾಚಾ?'

'ಪೆಟ್ಟಿಗೆ ಹತ್ರ. ಬಡಿಯೋ ಸದ್ದಲ್ಲ, ಕರ್ ಅನ್ನಲ್ಲ. ನಿಂತ್ಕಂಡಿರೋ ಸದ್ದು. ಒಂದ್ ಗಳಿಗೆ ನಿಂತು ಹೋಗ್ತಾರೆ. ಮತ್ತೆ ಬರ್ತಾರೆ.'

ನನಗೆ ನಗು ಬಂತು. ಬಾಗಿಲು ಮುಚ್ಚಿರುವುದು ನಿಮ್ಮ ಮನೆಯಲ್ಲಲ್ಲ, ಇಲ್ಲಿ, ನಮ್ಮ ಕಚೇರಿಯ ಈ ಯಂತ್ರದಲ್ಲಿ, ಹೊರಗಿನಿಂದ ಬಂದದ್ದು ಇಲ್ಲೇ ಸತ್ತು ಬೀಳುತ್ತದೆ, ನಿಮ್ಮ ಪೆಟ್ಟಿಗೆಗೆ ಗಾಳಿಯೂ ಸೋಕುವುದಿಲ್ಲ ಎಂದು ವಿವರಿಸಿದೆ. ಅವರು ವಾದ ಮಾಡಲಿಲ್ಲ. ಪುಸ್ತಕ ತೆರೆದು ನನ್ನ ಮುಂದಿಟ್ಟರು. ಮೋಟಾರಿನ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಸಮಯ ಬರೆದಿದ್ದರು. ಸೋಮವಾರ ಹನ್ನೊಂದು ಹತ್ತು. ಹನ್ನೊಂದು ಇಪ್ಪತ್ತೈದು. ಹನ್ನೊಂದು ಐವತ್ತೈದು. ಹನ್ನೆರಡು ಐವತ್ತೈದು. ಸಂಜೆ ನಾಲ್ಕು ಐವತ್ತೈದು. ರಾತ್ರಿ ಎಂಟು ಐವತ್ತೈದು. ಆಮೇಲೆ ಆ ದಿನ ಬೆಳಗಿನ ಎಂಟು ಐವತ್ತೈದು.

ಅವರ ಭ್ರಮೆ ಬಿಡಿಸೋಣವೆಂದೇ ನಾನು ಯಂತ್ರದ ದಾಖಲೆ ತೆರೆದೆ. ಮುಚ್ಚಿದ ಬಾಗಿಲಿಗೆ ಯಾರು ಬಂದು ಬಡಿದರು ಎಂಬುದೆಲ್ಲ ಅದರಲ್ಲಿ ಬಿದ್ದಿರುತ್ತದೆ. ಚಾಚಾನ ನಂಬರು ಹಾಕಿ ಹುಡುಕಿದೆ.

ಹನ್ನೊಂದು ಹತ್ತು. ಹನ್ನೊಂದು ಇಪ್ಪತ್ತೈದು. ಹನ್ನೊಂದು ಐವತ್ತೈದು...

ಒಂದೂ ಬಿಡದೆ ಎಲ್ಲವೂ ಇದ್ದವು. ಅವರು ಮಲಗಿದ್ದ ಹೊತ್ತಿನವೂ ಇದ್ದವು, ಅವು ಮಾತ್ರ ಪುಸ್ತಕದಲ್ಲಿ ಇರಲಿಲ್ಲ. ಬೇಸಿಗೆಯ ಬೆಳಗು, ಫ್ಯಾನು ತಿರುಗುತ್ತಿತ್ತು, ಬೀದಿಯಲ್ಲಿ ಶೇಂಗಾ ಚೀಲದ ಲಾರಿ ಹಿಂದಕ್ಕೆ ಬರುತ್ತಿತ್ತು. ಪುಸ್ತಕವನ್ನೂ ಪರದೆಯನ್ನೂ ಮೊದಲ ಸಾಲಿನಿಂದ ಮತ್ತೆ ಹೋಲಿಸಿದೆ.

ಆ ಅಂತರಗಳನ್ನು ನೋಡಿದ ಕೂಡಲೇ ನನಗೆ ಇನ್ನೊಂದೂ ತಿಳಿಯಿತು. ಕಸ ಕಳಿಸುವವರು ಸಾಮಾನ್ಯವಾಗಿ ಒಮ್ಮೆ ಬಡಿದು ಬೇರೆ ಮನೆಗೆ ಹೋಗುತ್ತಾರೆ. ನಿಜವಾದ ಕಾಗದ ಹೊತ್ತು ತಂದ ಸರ್ವರ್ ಮಾತ್ರ ಹೀಗೆ ಬಿಡುವು ಕೊಟ್ಟು ಕೊಟ್ಟು ಮತ್ತೆ ಬರುತ್ತದೆ. ಐದು ದಿನ ಕಾಯುತ್ತದೆ. ಆಮೇಲೆ ಕಾಗದವನ್ನು ಬರೆದವರಿಗೇ ಹಿಂತಿರುಗಿಸುತ್ತದೆ.

'ಯಾರಾದ್ರೂ ಇದ್ದಾರಾ?' ಎಂದರು ಚಾಚಾ.

'ಯಾರೂ ಇಲ್ಲ ಚಾಚಾ. ಕಸ' ಎಂದೆ.

ಯಾಕೆ ಹಾಗೆಂದೆ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಬಾಗಿಲು ತೆಗೆದರೆ ಕೆಲಸ ಹೋದೀತೆಂಬ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ನಾನು ಹೆದರಿದ್ದು ಆ ಪುಸ್ತಕಕ್ಕೆ. ಇದ್ದಾರೆ ಎಂದರೆ, ಅವರು ಕೇಳಿಸಿಕೊಂಡದ್ದು ನಿಜವೆಂದು ಒಪ್ಪಬೇಕಾಗುತ್ತಿತ್ತು. ಚಾಚಾ ಪುಸ್ತಕ ಮಡಚಿಕೊಂಡು ಇಳಿದು ಹೋದರು. ನಾಳೆ ಗುಟ್ಟಾಗಿ ತೆಗೆದು ನೋಡೋಣ ಎಂದುಕೊಂಡೆ.

ನಾಳೆ ಎಂದರೆ ಬುಧವಾರ. ಬೆಳಗ್ಗೆಯೇ ಸುದ್ದಿ ಬಂತು, ತಳಕು ದಾಟಿ ಮೊಳಕಾಲ್ಮೂರಿನ ಕಡೆಗೆ ಹೋಗುವ ನಮ್ಮ ಕೇಬಲನ್ನು ಜೆಸಿಬಿ ಅಗೆದು ಹಾಕಿದೆ ಎಂದು. ಕಚೇರಿಯ ಮೆಟ್ಟಿಲು ಹತ್ತದೆ ಹಾಗೇ ಬಸ್ಸು ಹಿಡಿದೆ. ಜೆಸಿಬಿಯವನು ಗುಂಡಿಯ ಪಕ್ಕ ಕೂತು, 'ಏಂ ಚೇಯಾಲನ್ನಾ, ಏನ್ ಮಾಡ್ಲಿ, ವೈರು ಕಾಣಲೇ ಇಲ್ಲ' ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗೋಗರೆಯುತ್ತಿದ್ದ. ಒಂದು ಕಡೆ ಜೋಡಿಸಿದರೆ ಇನ್ನೊಂದು ಕಡೆ ಒಡೆದಿರುತ್ತಿತ್ತು. ಬುಧವಾರ, ಗುರುವಾರ, ಶುಕ್ರವಾರ, ಮೂರೂ ದಿನ ಅಲ್ಲೇ ಕಳೆದವು. ಚಾಚಾನ ಫೋನು ಬರುತ್ತಲೇ ಇತ್ತು. ಒಂಬತ್ತರ ಹೊತ್ತಿಗೆ, ಒಂದರ ಹೊತ್ತಿಗೆ, ಸಂಜೆ ಐದರ ಹೊತ್ತಿಗೆ. ಎಲ್ಲವೂ ಐವತ್ತೈದು ಕಳೆದು ಎರಡು ನಿಮಿಷಕ್ಕೆ. ನಾನು ಎತ್ತಲಿಲ್ಲ. ಕಚೇರಿಯಲ್ಲಿದ್ದವರಿಗೆ ಒಂದು ಮಾತು ಹೇಳಿದ್ದರೆ ಅರ್ಧ ನಿಮಿಷದಲ್ಲಿ ಬಾಗಿಲು ತೆರೆಯುತ್ತಿತ್ತು. ಅದನ್ನೂ ಮಾಡಲಿಲ್ಲ. ಕೈಯಲ್ಲಿ ಕೆಲಸವಿದೆ ಎಂಬ ನೆಪ ಸಿಕ್ಕರೆ ಮನುಷ್ಯ ಎಷ್ಟು ಸುಲಭವಾಗಿ ಅದರ ಹಿಂದೆ ಅಡಗಿಕೊಳ್ಳುತ್ತಾನೆ...

ಶನಿವಾರ ಚಳ್ಳಕೆರೆಯಲ್ಲಿ ಬಸ್ಸಿಳಿದಾಗ ಹತ್ತೂಕಾಲು. ನೇರ ಮೇಲೆ ಹೋಗಿ, ಯಾರನ್ನೂ ಕೇಳದೆ ಬಾಗಿಲು ತೆಗೆದೆ. ದಾಖಲೆಯಲ್ಲಿ ಕೊನೆಯ ಸಾಲು ಆ ದಿನ ಬೆಳಗಿನ ಎಂಟು ಐವತ್ತೈದರದ್ದು. ಲೆಕ್ಕದ ಪ್ರಕಾರ ಮುಂದಿನದು ಹನ್ನೆರಡು ಐವತ್ತೈದಕ್ಕೆ ಬರಬೇಕು. ಆದರೆ ಐದು ದಿನ ಮುಗಿಯುವುದು ಹನ್ನೊಂದು ಹತ್ತಕ್ಕೆ. ಹೊರಗಿನ ಸರ್ವರ್ ಇನ್ನೂ ಸ್ವಲ್ಪ ತಾಳ್ಮೆಯದ್ದಾಗಿರಲಿ ಎಂದು ಮನೆದೇವರನ್ನೆಲ್ಲ ನೆನೆದುಕೊಂಡು ಕೆಳಗಿಳಿದೆ.

ಚಾಚಾ ಒಳಕೋಣೆಯಲ್ಲಿ ನೆಲದ ಮೇಲೆ ಕೂತು, ಸ್ಕ್ರೂಡ್ರೈವರನ್ನು ಪೆಟ್ಟಿಗೆಗೆ ಆನಿಸಿ ಕಣ್ಣು ಮುಚ್ಚಿದ್ದರು. ಬಾಗಿಲು ತೆಗೆದಿದ್ದೇನೆ ಎಂದೆ. ಕಣ್ಣು ತೆರೆಯದೆಯೇ ಪಕ್ಕದಲ್ಲಿ ಕೂರಲು ಕೈಸನ್ನೆ ಮಾಡಿದರು. ಚಾಚೀ ಅಡುಗೆ ಬಿಟ್ಟು ಬಂದು ಹೊಸ್ತಿಲಲ್ಲಿ ನಿಂತರು. ಮೂವರೂ ಕಾದೆವು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಐವತ್ತೈದಾಯಿತು. ಐವತ್ತಾರಾಯಿತು. ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಒಂದು ಗಂಟೆಯಾಯಿತು.

'ಇಲ್ಲ ಬೇಟಾ' ಎಂದರು ಚಾಚಾ. 'ಹೋದ್ರು.'

ಸ್ಕ್ರೂಡ್ರೈವರ್ ಕೆಳಗಿಟ್ಟು, ಕಿವಿ ಉಜ್ಜಿಕೊಂಡರು. ಹಿಡಿಯ ಅಚ್ಚು ಅಲ್ಲಿ ಕೆಂಪಗೆ ಮೂಡಿತ್ತು.

'ಬಾಗ್ಲು ತೆಗೀದಿದ್ರೆ ಆ ಕಾಗದ ಎಲ್ಲಿಗೆ ಹೋಗ್ತದೆ?' ಎಂದು ಕೇಳಿದರು.

'ಬರೆದವರಿಗೇ ವಾಪಸ್ ಹೋಗುತ್ತೆ ಚಾಚಾ.'

'ಏನಂತ ಬರ್ದು ಕಳಿಸ್ತಾರೆ?'

ಆಗ ಮಾತ್ರ ನನಗೆ ಸುಳ್ಳು ಹೇಳಲಾಗಲಿಲ್ಲ. 'ಐದು ದಿನ ಬಡಿದೆವು, ಈ ಮನೆಯವರು ಬಾಗಿಲು ತೆಗೀಲಿಲ್ಲ ಅಂತ' ಎಂದೆ.

ಚಾಚಾ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದು ಹೋಗಿ ಚಹಾ ತಂದು ನನ್ನ ಮುಂದಿಟ್ಟರು. ಆ ಮನೆಯಲ್ಲಿ ಆ ಚಹಾಕ್ಕೆ ಏನು ಅರ್ಥ ಎಂದು ನನಗೆ ಗೊತ್ತಿತ್ತು. ಕುಡಿಯಲಾಗಲಿಲ್ಲ, ಇಡಲೂ ಆಗಲಿಲ್ಲ.

ಬಂದದ್ದು ಯಾವ ನಂಬರಿನಿಂದ ಎಂದು ಹಿಡಿದು ಹೊರಟೆ. ಎಲ್ಲೋ ದೂರದಲ್ಲಿ ಬಾಡಿಗೆಗೆ ಸಿಗುವ ಒಂದು ಕಂಪ್ಯೂಟರಿನ ನಂಬರು ಅದು. ನಾನು ಅಲ್ಲಿಗೆ ಬರೆಯುವಷ್ಟರಲ್ಲಿ ಅದನ್ನು ಬೇರೆ ಯಾರೋ ಹಿಡಿದಿದ್ದರು, ಹಿಂದಿನವರ ವಿವರ ಕೊಡುವುದಿಲ್ಲ ಎಂದರು. ಕಾಗದ ಬರೆದವನು ಛೋಟಾನೇ ಹೌದೋ ಎಂಬುದೂ ಖಾತ್ರಿಯಾಗಲಿಲ್ಲ. ಚಾಚಾನಿಗೆ ಮಾತ್ರ ಆ ಅನುಮಾನ ಇರಲಿಲ್ಲ. ನಾನು ಆ ಬಾಗಿಲನ್ನು ಮತ್ತೆ ಮುಚ್ಚಲಿಲ್ಲ. ಯಾರೂ ಗಮನಿಸಲೂ ಇಲ್ಲ. ಮುಂದೆ ಎರಡು ವರ್ಷ ಚಾಚಾ ಬದುಕಿದ್ದರು, ಮೋಟಾರ್ ಸುತ್ತಿದರು, ಶುಕ್ರವಾರ ಧೂಳು ಊದಿದರು. ಪೆಟ್ಟಿಗೆಗೆ ಸ್ಕ್ರೂಡ್ರೈವರ್ ಇಟ್ಟು ಕೇಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವರು ಹೋದ ಮೇಲೆ ಚಾಚೀ ತಂಗಿಯ ಊರಿಗೆ ಹೊರಟರು. ಹೊರಡುವ ಮುಂಚೆ ಆ ಪೆಟ್ಟಿಗೆ ಮತ್ತು ಪುಸ್ತಕ ಎರಡನ್ನೂ ನನ್ನ ಕೈಗೆ ಕೊಟ್ಟರು. 'ನಿಮ್ಗೇ ಕೊಡು ಅಂದವ್ರೆ' ಎಂದರು.

ಪುಸ್ತಕದಲ್ಲಿ ಮಿಲ್ಲಿನ ಆ ಮೋಟಾರಿನ ಸಾಲು ಇದೆ. ತಪ್ಪು ಯಾರದು ಎಂಬ ಕಡೆ ಮೊದಲು ಬರೆದ 'ತಮ್ಮನದು' ಎಂಬುದನ್ನು ಹೊಡೆದು ಹಾಕಿ, 'ವಾರ್ನಿಶ್ ಒಣಗಿರಲಿಲ್ಲ. ನನ್ನದು' ಎಂದು ಬರೆದಿದ್ದಾರೆ. ಕೆಲವು ಹಾಳೆಗಳ ಮುಂದೆ ಆ ಐದು ದಿನಗಳ ಸಮಯಗಳಿವೆ. ಶನಿವಾರದ ಎಂಟು ಐವತ್ತೈದರ ಕೆಳಗೆ ಒಂದು ಗೆರೆ ಎಳೆದು, ಮೋಟಾರಿಗೆ ಬರೆಯುವ ಕ್ರಮದಲ್ಲೇ ಬರೆದಿದ್ದಾರೆ. 'ಕೆಟ್ಟದ್ದು: ಬಾಗಿಲು ಬಂದ್ ಇತ್ತು. ತಪ್ಪು:' ಅದರ ಮುಂದೆ ಏನೂ ಬರೆದಿಲ್ಲ. ಖಾಲಿ ಬಿಟ್ಟಿದ್ದಾರೆ.

ಮೊಳಕಾಲ್ಮೂರಿನ ಕಚೇರಿ ಈಗ ನನ್ನ ಉಸ್ತುವಾರಿಯಲ್ಲಿದೆ. ಕಿಟಕಿಯಿಂದ ಜಟಿಂಗ ರಾಮೇಶ್ವರದ ಬೆಟ್ಟದ ಸಾಲು ಕಾಣುತ್ತದೆ, ಮೇಜಿನ ಕೆಳಗೆ ಆ ಪೆಟ್ಟಿಗೆ ಓಡುತ್ತಿದೆ. ಮನೆಗಳಲ್ಲಿ ಸರ್ವರ್ ಇಟ್ಟವರು ಸಿಕ್ಕರೆ ಆದೇಶ ಓದಿ ಹೇಳಿ ಮುಚ್ಚಿಸುತ್ತೇನೆ, ಅದೇ ನನ್ನ ಕೆಲಸ. ಈ ಪೆಟ್ಟಿಗೆಯ ಒಂದು ನಂಬರಿನ ಇಪ್ಪತ್ತೈದನೇ ಬಾಗಿಲು ಮಾತ್ರ ತೆರೆದೇ ಇರುತ್ತದೆ. ಛೋಟಾ ಮಾಡಿದ ಆ ಇಮೇಲ್ ವಿಳಾಸದ ಹೆಸರನ್ನು ಹಣ ಕಟ್ಟಿ ವರ್ಷವರ್ಷವೂ ನವೀಕರಿಸುತ್ತೇನೆ. ಛೋಟಾ ಬರೆದರೆ ಕಳಿಸಬೇಕಾದ ಉತ್ತರ ಸಿದ್ಧವಿದೆ. ಎಣಿಕೆ ಸರಿ ಇತ್ತು ಎಂಬ ಒಂದೇ ಸಾಲು, ಅದರ ಕೆಳಗೆ ಚಾಚಾ ಇಲ್ಲ ಎಂಬ ಇನ್ನೊಂದು ಸಾಲು.

ಮೊನ್ನೆ ವಾರ್ನಿಶ್ ವಾಸನೆ ಬಂದ ದಿನ, ಎದುರಂಗಡಿಯವನಿಗೆ ಹೇಳಿ ವಾಪಸ್ ಬಂದು ಕೂತಾಗ ಮಧ್ಯಾಹ್ನವಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಸ್ಕ್ರೂಡ್ರೈವರ್ ತೆಗೆದುಕೊಂಡು, ಮೇಜಿನ ಕೆಳಗೆ ಬಗ್ಗಿ, ಪೆಟ್ಟಿಗೆಗೆ ಆನಿಸಿ ಕೇಳಿದೆ. ಫ್ಯಾನು. ಅದರ ಹಿಂದೆ ಡಿಸ್ಕಿನ ಸಣ್ಣ ಸುಯ್ಲು. ಅದರ ಹಿಂದೆ... ಯಾರೋ ಉಸಿರು ಹಿಡಿದು ನಿಂತಂತೆ. ಬಡಿಯುವ ಸದ್ದಲ್ಲ. ಚಾಚಾ ಹೇಳುತ್ತಿದ್ದರಲ್ಲ, ಅದು. ತಲೆಯೆತ್ತಿ ಗಡಿಯಾರ ನೋಡಿದೆ. ಹನ್ನೆರಡು ಐವತ್ತೈದು.

ದಾಖಲೆ ತೆರೆದೆ. ಬಾಗಿಲು ತೆರೆದೇ ಇತ್ತು. ಯಾರೂ ಬಂದಿರಲಿಲ್ಲ.

ಕಾಗದ ಬರೆದವನಿಗೆ ಅದು ಒಮ್ಮೆ ವಾಪಸ್ ಬಂದಿದೆ. ಬಾಗಿಲು ತೆಗೆಯದ ಮನೆಗೆ ಯಾರಾದರೂ ಎರಡನೇ ಸಲ ಯಾಕೆ ಬರೆಯುತ್ತಾರೆ. ಮೇಜಿನ ಖಾನೆಯಿಂದ ಪುಸ್ತಕ ತೆಗೆದು, ಚಾಚಾ ಖಾಲಿ ಬಿಟ್ಟ ಜಾಗದಲ್ಲಿ ಪೆನ್ಸಿಲಿನಿಂದ ಬರೆದೆ: 'ನನ್ನದು.'